ಮೂರನೆಯ ಸಾವಿರ ವರ್ಷ

ನಮ್ಮೂರಿನ ಮೊದಲ ಸಾವಿರ ವರ್ಷ ಇಪ್ಪತ್ತೆರಡು ವರ್ಷಕ್ಕೆ ಮುಗಿಯಿತು. ಎರಡನೆಯದು ಹನ್ನೊಂದಕ್ಕೇ ಮುಗಿಯಿತು. ಕಡಲಿಗೆ ಅಡ್ಡವಾಗಿ ಕಟ್ಟಿದ ಎರಡೂ ಗೋಡೆಗಳ ಉದ್ಘಾಟನಾ ಶಿಲೆಯ ಮೇಲೆ ‘ಸಾವಿರ ವರ್ಷ ನಿಲ್ಲುವ ಈ ಗೋಡೆ’ ಎಂದೇ ಇತ್ತು. ಮೊದಲನೆಯದನ್ನು ಈಗ ಮೀನುಗಳು ಓದುತ್ತವೆ. ಎರಡನೆಯದು ಇಳಿತದ ಹೊತ್ತಿನಲ್ಲಿ ಮಾತ್ರ ತಲೆ ಎತ್ತುತ್ತದೆ. ಏಡಿಗಳು ಅದರ ಮೇಲೆ ಅಡ್ಡಡ್ಡ ಓಡಾಡಿ ಅಕ್ಷರ ತಿದ್ದುತ್ತವೆ.

ಮೊದಲನೆಯ ಶಿಲೆ ಕೆತ್ತಿದವನು ದಡದ ಬೀದಿಯ ಕಲ್ಲುಕುಟಿಗನ ಅಪ್ಪ. ಎರಡನೆಯದನ್ನು ಕೆತ್ತಿದವನು ಕಲ್ಲುಕುಟಿಗನೇ. ಮೂರನೆಯ ಗೋಡೆಗೂ ಅವನಿಗೇ ಕರೆ ಬಂತು. ಈ ಸಲ ಒಂದು ಸಣ್ಣ ಬದಲಾವಣೆ ಇತ್ತು, ಅಷ್ಟೆ. ಗೋಡೆ ಅವನ ಮನೆಯ ಮುಂದೆ ಏಳಲಿಲ್ಲ, ಹಿಂದೆ ಎದ್ದಿತು. ದಡದ ಬೀದಿಯ ಮೂವತ್ತೊಂದು ಮನೆಗಳ ಹಿತ್ತಿಲಿಗೆ ಒತ್ತಿಕೊಂಡೇ ಅಡಿಪಾಯ ಬಿದ್ದಿತ್ತು. ಊರೆಲ್ಲ ಗೋಡೆಯ ಆಚೆ. ಬೀದಿಯೂ ಸಮುದ್ರವೂ ಈಚೆ. ನಕ್ಷೆಯಲ್ಲಿ ಬೀದಿಗೆ ‘ಜಲಸ್ನೇಹಿ ವಲಯ’ ಎಂಬ ಹೊಸ ಹೆಸರು ಬಂದಿತ್ತು.

ಬೀದಿಯವರು ನಾಲ್ಕು ವರ್ಷ ನಗರಸಭೆಗೆ ಅಲೆದು, ಗುಡ್ಡದ ಮೇಲೆ ಬದಲಿ ಮನೆ ಕೊಡಿ ಎಂದು ಕೇಳಿದರು. “ನಿಮ್ಮ ಬೀದಿಗೆ ಕಡಲ ನೀರೇ ಬರೋದಿಲ್ಲ, ಬದಲಿ ಮನೆ ಯಾಕೆ?” ಎಂಬ ಉತ್ತರ ಸಿಕ್ಕಿತು. ನೀರು ಬರದಿದ್ದರೆ ಗೋಡೆ ಯಾಕೆ ಎಂದು ಕೇಳಿದ್ದಕ್ಕೆ, “ಮುನ್ನೆಚ್ಚರಿಕೆ” ಎಂದರು.

ಕಲ್ಲುಕುಟಿಗನಿಗೆ ಅಪ್ಪನಿಂದ ಬಂದ ಒಂದು ಅಭ್ಯಾಸವಿತ್ತು. ಯಾವ ಸಾಲೇ ಆಗಲಿ, ಉಳಿ ಮುಟ್ಟಿಸುವ ಮೊದಲು ಕೈಮುಗಿದು, ಕಾವ್ಯ ಓದುವವರ ಹಾಗೆ ರಾಗವಾಗಿ ಮೂರು ಸಲ ಹೇಳಿಕೊಳ್ಳುವುದು. ನಾಲಿಗೆ ತಡವರಿಸಿದ ಕಡೆ ಉಳಿಯೂ ಜಾರುತ್ತದೆ ಎಂಬುದು ಆ ಮನೆತನದ ನಂಬಿಕೆ. ಅವನು ಜಗುಲಿಯಲ್ಲಿ ಕೂತು ಶುರುಮಾಡಿದ.

“ಸಾವಿರ ವರ್ಷ ನಿಲ್ಲುವ ಈ ಗೋಡೆ, ಎಲ್ಲರ ಮನೆಯನ್ನೂ ಕಾಯುವ ಈ ಗೋಡೆ…”

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಎಲ್ಲರ ಅಂದ್ರೆ ಯಾರ್ಯಾರು ರೀ?” ಎಂದಳು ಹೆಂಡತಿ.

“ಅವರು ಬರ್ಕೊಟ್ಟಿದ್ದನ್ನ ಓದ್ತಾ ಇದ್ದೀನಿ ಕಣೇ.”

“ಓದಿ, ಓದಿ. ನಮ್ಮನೆ ಬಿಟ್ಟು ಎಲ್ಲರ ಮನೆ ಅಂತ ಓದಿ. ರಾಗ ಇನ್ನೂ ಚೆನ್ನಾಗಿ ಕೂತ್ಕೊಳ್ಳುತ್ತೆ.”

ಎರಡನೆಯ ಸಲ ‘ಎಲ್ಲರ’ ಎಂಬಲ್ಲಿ ಅವನ ನಾಲಿಗೆ ತಡವರಿಸಿತು. ಮೂರನೆಯ ಸಲವೂ ಹಾಗೇ ಆಯಿತು. ಆ ಪದದಷ್ಟು ಜಾಗ ಖಾಲಿ ಬಿಟ್ಟು, ಅಧ್ಯಕ್ಷರ ಹೆಸರಿನವರೆಗೆ ಉಳಿದದ್ದನ್ನೆಲ್ಲ ಕೆತ್ತಿ ಮುಗಿಸಿದ.

ಶಿಲೆ ಎಷ್ಟು ಎತ್ತರದಲ್ಲಿ ಕೂರಬೇಕೆಂದು ಗೊತ್ತುಮಾಡಲು ನಗರಸಭೆಯ ಅಧ್ಯಕ್ಷರು, ಎಂಜಿನಿಯರ್ ಮೇಡಂ ಜೊತೆ ಗೋಡೆಯ ಬಳಿಗೆ ಬಂದರು. ಹಿಂದಿನ ಶಿಲೆಯನ್ನು ಎದೆಮಟ್ಟದಲ್ಲಿ ಕೂರಿಸಿದ್ದರು. ಅದರಲ್ಲಿದ್ದ ಮಾಜಿ ಅಧ್ಯಕ್ಷರ ಹೆಸರು ನೀರುಪಾಲಾದಾಗ ನಗರಸಭೆ ತುರ್ತುಸಭೆ ಸೇರಿ ಒಂದು ನಿಯಮ ಮಾಡಿತ್ತು. ಕಡಲಿಗೆ ಮುಖಮಾಡಿದ ಉದ್ಘಾಟನಾ ಶಿಲೆಯನ್ನು ಮುಂದಿನ ನಲವತ್ತು ವರ್ಷ ನೀರು ಮುಟ್ಟದ ಎತ್ತರದಲ್ಲಿಯೇ ಇಡತಕ್ಕದ್ದು. ಆ ಎತ್ತರವನ್ನು ಎಂಜಿನಿಯರರು ಬರೆದು, ಅಧ್ಯಕ್ಷರು ಸಹಿ ಮಾಡತಕ್ಕದ್ದು. ಅದೇ ವರ್ಷ ನೀರುಪಾಲಾದ ಶಾಲೆಯ ಬಗ್ಗೆ ಕರೆದ ಸಭೆಗೆ ಮಾತ್ರ ಕೋರಂ ಇರಲಿಲ್ಲ.

“ಎಷ್ಟಡಿಗೆ ಕೂರಿಸ್ಲಿ ಸಾರ್?” ಎಂದ ಕಲ್ಲುಕುಟಿಗ.

ಮೇಡಂ ಕಾಗದ ನೋಡಿ, ಅಧ್ಯಕ್ಷರ ಮುಖ ನೋಡಿ, ಮತ್ತೆ ಕಾಗದ ನೋಡಿದರು. “ಬುಡದಿಂದ ಹದಿನಾಲ್ಕು ಅಡಿ ಸಾರ್. ಅದಕ್ಕಿಂತ ಕೆಳಗಿದ್ರೆ ನೀರು ಮುಟ್ಟುತ್ತೆ.”

“ಬರೀರಿ, ಬರೀರಿ! ನನ್ನ ಹೆಸರಿಗೆ ಒಂದು ಹನಿಯೂ ತಾಗಬಾರದು. ಸಾವಿರ ವರ್ಷ ಆದ್ಮೇಲೂ ಜನ ನಿಂತು ಓದ್ಬೇಕು.”

“ಅಷ್ಟು ವರ್ಷ ಆದ್ಮೇಲೆ ಓದೋರು ಇರ್ತಾರಾ ಮೇಡಂ?” ಕಲ್ಲುಕುಟಿಗ ಮೆಲ್ಲಗೆ ಕೇಳಿದ.

“ಕಲ್ಲು ಎಷ್ಟು ವರ್ಷ ಇರುತ್ತೆ ಕೇಳಿ, ಹೇಳ್ತೀನಿ. ಓದೋರ ವಿಷಯ ನಮ್ಮ ಇಲಾಖೆಗೆ ಬರೋದಿಲ್ಲ.”

ಅಧ್ಯಕ್ಷರು ಖುಷಿಯಿಂದ ಸಹಿ ಜಡಿದರು. ಮೇಡಂ ಒಂದು ಪ್ರತಿಯನ್ನು ಕಲ್ಲುಕುಟಿಗನ ಕಡೆ ಚಾಚಿದರು, ಆದರೆ ಅವನು ಹಿಡಿದ ಮೇಲೂ ಬೆರಳು ಸಡಿಲಿಸಲಿಲ್ಲ.

“ಮನೇಲಿ ಓದೋರಿದ್ದಾರಾ?”

“ಹೆಂಡತಿ ಇದ್ದಾಳೆ. ನನ್ನ ಮುಖಾನೂ ಓದ್ತಾಳೆ.”

“ಹಾಗಾದ್ರೆ ಇದನ್ನ ಅವರಿಗೆ ತೋರ್ಸಿ” ಎಂದು ಬಿಟ್ಟುಕೊಟ್ಟರು.

ಹೆಂಡತಿ ಎರಡು ಸಲ ಓದಿದಳು. ಕೊರಳಲ್ಲಿ ನೇತಾಡುತ್ತಿದ್ದ ಟೇಪು ತೆಗೆದಳು. ಗಂಡನನ್ನು ಏಣಿ ಹತ್ತಿಸಿ, ಮಾಡಿನ ತುದಿಯಿಂದ ಹಿತ್ತಿಲ ನೆಲದವರೆಗೆ, ರವಿಕೆಗೆ ಅಳತೆ ತೆಗೆದುಕೊಳ್ಳುವಷ್ಟೇ ನಿಗಾ ಇಟ್ಟು ತುಂಡುತುಂಡಾಗಿ ಅಳೆದಳು.

“ಹನ್ನೊಂದಡಿ. ನಮ್ಮನೆ ಪೂರ್ತಿ ಮುಳುಗಿ, ಮೇಲೆ ಇನ್ನೂ ಮೂರಡಿ ನೀರು. ಅಲ್ಲ ರೀ, ಈ ನೀರು ಅವರ ಹೆಸರಿನ ಹತ್ರ ಮಾತ್ರ ಹೋಗುತ್ತಂತಾ? ದಾರೀಲಿರೋ ನಮ್ಮನೇನ ಹಾರಿಕೊಂಡು ಹೋಗುತ್ತಂತಾ?”

ಮರುದಿನ ಬೆಳಗ್ಗೆ ಮೂವತ್ತೊಂದು ಮನೆಯವರೂ ಅಧ್ಯಕ್ಷರ ಕೋಣೆಯಲ್ಲಿ ತುಂಬಿಕೊಂಡರು. ಮುಂದೆ ಅವಳು, ಕೈಯಲ್ಲಿ ಆ ಕಾಗದ.

“ಅಣ್ಣಾ, ಎರಡರಲ್ಲಿ ಒಂದು ಹೇಳ್ಬಿಡಿ. ನೀರು ಬರೋದಿಲ್ಲ ಅಂದ್ರೆ ಕಲ್ಲನ್ನ ಮೊಣಕಾಲಮಟ್ಟಕ್ಕೆ ಕೂರಿಸ್ತೀವಿ. ಬರುತ್ತೆ ಅಂದ್ರೆ ನಮಗೆ ಮನೆ ಕೊಡಿ. ಸಹಿ ನಿಮ್ದೇ.”

ಅಧ್ಯಕ್ಷರು ಎಂಟು ದಿನ ಯೋಚಿಸಿದರು. ಹೆಸರನ್ನು ಮೇಲಿಟ್ಟು ಎತ್ತರವನ್ನು ಮಾತ್ರ ಕೆಳಗಿಡಲು ಬರುತ್ತದೆಯೇ ಎಂದು ಉಪಸಮಿತಿಯೊಂದು ಪರಿಶೀಲಿಸಿತು. ತೇಲುವ ಕಲ್ಲು ಸಿಗುತ್ತದೆಯೇ ಎಂದು ಒಬ್ಬ ಸದಸ್ಯರು ವಿಚಾರಿಸಿದರು. ಒಂಬತ್ತನೆಯ ದಿನ ಬದಲಿ ಮನೆಗಳು ಮಂಜೂರಾದವು. ಮೂವತ್ತೊಂದು ಸಂಸಾರಗಳ ಕಣ್ಣೀರು ನಾಲ್ಕು ವರ್ಷದಲ್ಲಿ ಮಾಡದ ಕೆಲಸವನ್ನು ಒಂದು ಹೆಸರು ನೆನೆದೀತೆಂಬ ಭಯ ಎಂಟು ದಿನದಲ್ಲಿ ಮಾಡಿತು. ‘ಗುಡ್ಡದ ಮೇಲೆ’ ಎಂದು ಕೇಳಿದ್ದು ಆದೇಶದಲ್ಲಿ ‘ಗುಡ್ಡದ ಬುಡದಲ್ಲಿ’ ಎಂದಾಗಿತ್ತು. ಇರಲಿ, ಗೋಡೆಯ ಒಳಗಂತೂ ಹೌದಲ್ಲ ಎಂದು ಎಲ್ಲರೂ ಪಾತ್ರೆ ಪಗಡೆ ಹೊತ್ತು ನಡೆದರು.

ಉದ್ಘಾಟನೆಯ ದಿನ ಹದಿನಾಲ್ಕಡಿ ಮೇಲೆ ಕೂತ ಶಿಲೆಯನ್ನು ಕೆಳಗಿನಿಂದ ಕಣ್ಣು ಕಿರಿದು ಮಾಡಿ ನೋಡಿದ ಅಧ್ಯಕ್ಷರು, “ಅಲ್ಲೊಂದು ಪದ ಬಿಟ್ಟೋಗಿದೆಯಲ್ಲಯ್ಯಾ!” ಎಂದು ಕೂಗಿದರು.

“ಗೊತ್ತು ಸಾರ್, ಈಗ ಹಾಕ್ತೀನಿ.” ಕಲ್ಲುಕುಟಿಗ ಏಣಿಯ ಮೇಲೆಯೇ ಕೈಮುಗಿದು ಸಾಲನ್ನು ಮೂರು ಸಲ ಹೇಳಿಕೊಂಡ. ಈ ಸಲ ‘ಎಲ್ಲರ’ ಎಂಬುದು ಸರಾಗವಾಗಿ ಬಂತು. ‘ಸಾವಿರ ವರ್ಷ’ ಎಂಬಲ್ಲಿ ಮಾತ್ರ ನಾಲಿಗೆ ಸ್ವಲ್ಪ ಎಡವಿತು; ಅದನ್ನು ಕೆತ್ತಿ ಆಗಿಹೋಗಿತ್ತು.

ಸಂಜೆ ಹೊಸ ಮನೆಗೆ ಬಂದಾಗ ಹೆಂಡತಿ ಹಿತ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮನೆಯ ಹಿಂಬದಿಯ ಗೋಡೆಗೆ ಯಾರೋ ಕೆಂಪು ಬಣ್ಣದಲ್ಲಿ ಬಾಣದ ಗುರುತು ಬರೆದಿದ್ದರು. ಬಾಣ ಗುಡ್ಡದ ಕಡೆಗೆ ತೋರಿಸುತ್ತಿತ್ತು. ಪಕ್ಕದಲ್ಲಿ ಒಂದು ಸಾಲು: ‘ನಾಲ್ಕನೆಯ ಗೋಡೆ ಇಲ್ಲಿಂದ ಹಿಂದಕ್ಕೆ.’

“ಈ ಸಲ ಮೊದಲೇ ಅಳೆದಿಟ್ಕೊಳ್ತೀನಿ” ಎಂದು ಅವಳು ಟೇಪು ತರಲು ಒಳಗೆ ಹೋದಳು.

ಅವನು ಕೈಯ ಕಲ್ಲುಪುಡಿ ಒರೆಸಿಕೊಂಡ. ಅಭ್ಯಾಸಬಲದಿಂದ ಕೈಮುಗಿದು, ಆ ಸಾಲನ್ನು ರಾಗವಾಗಿ ಮೂರು ಸಲ ಓದಿದ. ನಾಲಿಗೆ ಎಲ್ಲಿಯೂ ತಡವರಿಸಲಿಲ್ಲ.