ಮೂಲೆ ಮುರಿದ ಬುದ್ಧ

ಲಮ್ಯೈ ಬೆಳಗಿನಿಂದ ಕೊರಳಿನ ಸರವನ್ನು ಅದೆಷ್ಟು ಸಲ ಮುಟ್ಟಿ ನೋಡಿಕೊಂಡಿದ್ದಳೋ! ಸರದಲ್ಲಿ ಬೆಳ್ಳಿಯ ಚೌಕಟ್ಟು, ಅದರೊಳಗೆ ಅಪ್ಪ ಸಾಯುವ ತನಕ ಕಟ್ಟಿಕೊಂಡಿದ್ದ ಮಣ್ಣಿನ ಬುದ್ಧ, ತಾಯಿತದಂಥ ಚೌಕ ಬಿಲ್ಲೆ. ನಾಳೆ ಆಸ್ಪತ್ರೆಯಲ್ಲಿ ತಮ್ಮ ಪ್ರಯೂನ್‌ನ ಎದೆ ಕೊಯ್ಯುತ್ತಾರೆ. ಥಿಯೇಟರಿನ ಬಾಗಿಲ ತನಕ ಈ ಬುದ್ಧ ಜೊತೆಗಿದ್ದರೆ ಸಾಕು ಎಂದು ಧೈರ್ಯವಾಗಿದ್ದವನ ತಲೆಗೆ ಪಕ್ಕದ ಹಾಸಿಗೆಯ ಮಹಾನುಭಾವನೊಬ್ಬ ಹುಳ ಬಿಟ್ಟಿದ್ದ, ಈಗೆಲ್ಲ ನಕಲಿಯೇ ಹೆಚ್ಚು ಎಂದು.

"ಅಕ್ಕಾ, ಯಾರಿಗಾದ್ರೂ ತೋರಿಸ್ಕೊಂಡು ಬಾ. ನಕಲಿ ಅಂದ್ರೆ ನಾನು ಕೊಯ್ಸಿಕೊಳ್ಳಲ್ಲ" ಎಂದು ಪ್ರಯೂನ್ ಹಟ ಹಿಡಿದಿದ್ದ. ಐವತ್ತು ದಾಟಿದ ಗಂಡಸು! ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ, ಬುದ್ಧನ ಬಿಲ್ಲೆಗಳ ಸಂತೆಗೆ ಹೊರಟಳು.

ನದಿ ದಡದ ಸಂತೆಯಲ್ಲಿ ಬುದ್ಧನನ್ನು ಮಾರಿದರೂ ಯಾರೂ ಮಾರಿದೆ ಎನ್ನುವುದಿಲ್ಲ, ಬಾಡಿಗೆಗೆ ಕೊಟ್ಟೆ ಎನ್ನುತ್ತಾರೆ. ಹಾಗೆನ್ನುವುದೇ ಮರ್ಯಾದೆ. ಆ ಮರ್ಯಾದೆ ಮಾತು ದಾಟಿ ಕೈಗೆ ಇಳಿದದ್ದು ಕಡಿಮೆ. ಸೆಂಗ್ ಎಂಬ ಅಂಗಡಿಯವನು ಭೂತಗನ್ನಡಿ ಹಿಡಿದು ನೋಡಿದ, ಅವನ ಹುಬ್ಬು ಮೇಲೇರಿತು.

"ಒಳಗೆ ಬೆಳಕು ಚೆನ್ನಾಗಿದೆ, ಒಂದ್ನಿಮಿಷ ಅಕ್ಕಾ" ಎಂದವನು ಅವಳು ಬೇಡ ಎನ್ನುವಷ್ಟರಲ್ಲಿ ಪರದೆಯ ಹಿಂದೆ ಹೋಗಿದ್ದ.

ಲಮ್ಯೈ ಪರದೆಯಿಂದ ಕಣ್ಣು ಕೀಳಲಿಲ್ಲ. ಯಾಕಾದರೂ ಕೊಟ್ಟೆನೋ ಎಂದು ತನ್ನನ್ನೇ ಶಪಿಸಿಕೊಂಡಳು. ಸೆಂಗ್ ಬಂದು ಸರವನ್ನು ಅವಳ ಅಂಗೈಗೆ ಹಾಕಿದ.

"ನಕಲಿ ಅಕ್ಕಾ. ಬೇಜಾರು ಮಾಡ್ಕೋಬೇಡಿ."

"ಚೌಕಟ್ಟು ಬಿಚ್ಚು."

"ಬಿಚ್ಚಿದ್ರೆ ಒಡೆದುಹೋಗುತ್ತೆ."

"ನಕಲಿ ಒಡೆದ್ರೆ ನಿನಗೇನಪ್ಪಾ ನಷ್ಟ?" ಎಂದು ಅವಳು ಮುಡಿಯಿಂದ ಪಿನ್ನು ಕಿತ್ತು ತಾನೇ ಬಿಚ್ಚಿದಳು. ನಾಲ್ಕು ಮೂಲೆಗಳೂ ನೆಟ್ಟಗಿದ್ದವು.

ಅಪ್ಪ ದೋಣಿ ನಡೆಸುತ್ತಿದ್ದವನು. ಪ್ರವಾಹದಲ್ಲಿ ದೋಣಿ ಮಗುಚಿದಾಗ ಬುದ್ಧನನ್ನು ಬಾಯಲ್ಲಿಟ್ಟುಕೊಂಡೇ ಈಜಿ ದಡ ಸೇರಿದ್ದ. ಹಲ್ಲು ಬಿಗಿದು ಒಂದು ಮೂಲೆ ಮುರಿದು ಹೊಟ್ಟೆಗೆ ಹೋಗಿತ್ತು. ಆಮೇಲೆ ಮಾಡಿಸಿದ ಚೌಕಟ್ಟಿನ ಅಂಚು ಆ ಮೂಲೆಯನ್ನು ಮುಚ್ಚಿಬಿಟ್ಟಿತ್ತು.

"ಇದು ನಮ್ಮದಲ್ಲ. ನಮ್ಮದು ಮೂಲೆ ಮುರಿದದ್ದು. ಬದಲಾಯಿಸಿಲ್ಲ ಅಂತ ಬುದ್ಧನನ್ನ ಬಾಯಲ್ಲಿಟ್ಕೊಂಡು ಆಣೆ ಮಾಡು."

"ಅಷ್ಟೇ ತಾನೇ?" ಸೆಂಗ್ ನಗುತ್ತಾ ಅವಳ ಕೈಯಲ್ಲಿದ್ದ ನಕಲಿ ಬಿಲ್ಲೆಯನ್ನು ಎತ್ತಿ ಪೆಪ್ಪರಮಿಂಟಿನಂತೆ ಬಾಯಿಗೆ ಹಾಕಿಕೊಂಡ. "ಬದಲಾಯಿಸಿಲ್ಲ."

ಲಮ್ಯೈಗೆ ಅಳು ಬಂತು. ಪ್ರಯೂನ್‌ಗೆ ಏನು ಹೇಳುವುದು? ಆಗ ಕಂಡಿತು, ಅವನ ಅಂಗಿಯ ಸಂದಿಯಲ್ಲಿ ಚಿನ್ನದ ಸರ, ಅದರಲ್ಲಿ ಅವನದೇ ಬುದ್ಧ.

"ಅದನ್ನ ಉಗಿಯೋ. ನಿನ್ನ ಕೊರಳಿನದನ್ನ ಬಾಯಲ್ಲಿಟ್ಟು ಹೇಳು."

ಸೆಂಗ್‌ನ ಕೈ ಎದೆಯವರೆಗೆ ಏರಿ ಅಲ್ಲೇ ನಿಂತಿತು. ಪಕ್ಕದ ಅಂಗಡಿಯವರೂ ಕತ್ತು ಚಾಚಿ ನೋಡುತ್ತಿದ್ದರು. ಅವನು ಬಾಯಿಯ ಬಿಲ್ಲೆಯನ್ನು ಅಂಗೈಗೆ ಉಗಿದು, ಪರದೆಯ ಹಿಂದೆ ಹೋಗಿ ಇನ್ನೊಂದು ಬಿಲ್ಲೆ ತಂದುಕೊಟ್ಟ.

"ಒಳಗೆ ಕೈತಪ್ಪಿ ಅದಲುಬದಲಾಗಿತ್ತು, ಅಕ್ಕಾ" ಎಂದ, ಅವಳ ಮುಖ ನೋಡದೆ.

ಲಮ್ಯೈ ಮುರಿದ ಮೂಲೆಯ ಮೇಲೆ ಬೆರಳಾಡಿಸಿ, ಅದನ್ನು ಚೌಕಟ್ಟಿಗೆ ಕೂಡಿಸಿದಳು. ಬಸ್ಸಿನಲ್ಲಿ ಆಸ್ಪತ್ರೆ ಮುಟ್ಟುವ ತನಕ ಮುಷ್ಟಿ ಬಿಚ್ಚಲಿಲ್ಲ.

ಪ್ರಯೂನ್ ಕಾಯುತ್ತಾ ಕೂತಿದ್ದ. "ಏನಂದ್ರು ಅಕ್ಕಾ? ಅಸಲಿಯಾ?"

"ಕದ್ದಿಟ್ಕೊಳ್ಳೋವಷ್ಟು ಅಸಲಿ ಕಣೋ" ಎಂದಳು ಲಮ್ಯೈ. "ಕತ್ತು ಬಗ್ಗಿಸು."