ಏಳು ರವಿವಾರಗಳ ವೋಲ್ಟೇಜು

ದಾಂಡೇಲಿಯ ಕಾಗದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಬಿದಿರಿನ ತಿರುಳು ಪರೀಕ್ಷೆ ಮಾಡುವ ಮಲಕಪ್ಪನಿಗೆ ಎರಡು ಮಾತುಗಳಲ್ಲಿ ಪೂರ್ತಿ ನಂಬಿಕೆ ಇತ್ತು. ಒಂದು, ಒಂದೇ ಅಳತೆಯನ್ನು ಏಳು ಸಲ ತೆಗೆದರೆ ಸತ್ಯ ತಪ್ಪಿಸಿಕೊಂಡು ಹೋಗಲಾರದು. ಇನ್ನೊಂದು, ಮನುಷ್ಯನ ಕೊರಳಿಗೆ ಹವಾಯಿಯನ್ ಗಿಟಾರಿನಷ್ಟು ಹತ್ತಿರದ ವಾದ್ಯ ಬೇರೆ ಇಲ್ಲ. ಎರಡನೆಯದನ್ನು ಕಾರ್ಖಾನೆಯ ಕಾಲನಿಯಾದ ಬಂಗೂರನಗರದ ಮಂದಿಗೆ ತೋರಿಸಿಕೊಡಲು ಹೋಗಿ ಅವನು ಅರವತ್ಮೂರರಲ್ಲಿ ಒಮ್ಮೆ ಮುಖಭಂಗ ಮಾಡಿಕೊಂಡಿದ್ದ.

ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಈ ವಿದ್ಯುತ್ ಗಿಟಾರಿನ ಸ್ವಂತ ದನಿ ಸೊಳ್ಳೆಯ ದನಿಗಿಂತ ದೊಡ್ಡದಲ್ಲ. ಅದನ್ನು ಹಿಡಿದು ಹಿಗ್ಗಿಸಲು ಗಾಜಿನ ವಾಲ್ವುಗಳಿರುವ ಆಂಪ್ಲಿಫಾಯರ್ ಬೇಕು. ಆ ವರ್ಷ ಕಾರ್ಮಿಕರ ಮನರಂಜನಾ ಸಂಘದ ಗ್ಯಾದರಿಂಗಿನಲ್ಲಿ ಮಲಕಪ್ಪ ಯಾರದೋ ಮನೆಯ ರೇಡಿಯೋಕ್ಕೆ ತಂತಿ ಜೋಡಿಸಿ ಕೂತಿದ್ದ. ಎರಡನೆಯ ಚರಣಕ್ಕೆ ರೇಡಿಯೋ ಗಪ್ಪಾಯಿತು. ಕಣ್ಣು ಮುಚ್ಚಿ ನುಡಿಸುತ್ತಿದ್ದವನಿಗೆ ಅದು ತಿಳಿಯುವ ಹೊತ್ತಿಗೆ ಸಭೆಯೆಲ್ಲ ಅವನ ಮುಖವನ್ನೇ ನೋಡುತ್ತಿತ್ತು. ಮರುದಿನದಿಂದ ಕ್ಯಾಂಟೀನಿನಲ್ಲಿ ಮಲಕಪ್ಪ ಹೋಗಿ ಮೂಕಪ್ಪನಾದ.

ಸಂಘದ ಕಾರ್ಯದರ್ಶಿ ಪರಸಪ್ಪ ಸ್ವತಃ ಹಾರ್ಮೋನಿಯಂ ಬಾರಿಸುವವನು. ಅದೇ ಡಿಸೆಂಬರಿನಲ್ಲಿ ಹಳಿಯಾಳದ ಶಾಲೆಯೊಂದರ ಕಟ್ಟಡದ ಸಹಾಯಕ್ಕಾಗಿ ಸಂಘದ ವಾದ್ಯಮೇಳಕ್ಕೆ ಆಮಂತ್ರಣ ಬಂದಾಗ ಅವನು ಮಲಕಪ್ಪನನ್ನು ಕರೆದು ಸ್ಪಷ್ಟವಾಗಿ ಹೇಳಿಬಿಟ್ಟ.

"ನೋಡ್ರಿ ಮಲಕಪ್ಪನವರ, ನನ್ನ ಪೆಟ್ಟಿಗಿಗೆ ಗಾಳಿ ಇದ್ರ ಸಾಕು. ನಿಮ್ಮದಕ್ಕ ಕರೆಂಟ್ ಬೇಕು, ವಾಲ್ವ್ ಬೇಕು, ಮ್ಯಾಲ ದೇವರ ದಯಾನೂ ಬೇಕು. ಈ ಸಲ ನಿಮ್ಮ ಮಷೀನ್ ನಡುವ ನಿಂತ್ರ ಮ್ಯಾಳದಾಗ ಗಿಟಾರ್ ಕಾಯಂ ಬಂದ್. ಆಮ್ಯಾಲೆ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

"ನಿಲ್ಲೂದಿಲ್ರಿ."

"ಹೋದ ಸಲಾನೂ ಹಿಂಗ ಅಂದಿದ್ರಿ."

ಹೋದ ಸಲ ಪರೀಕ್ಷೆ ಮಾಡಿರಲಿಲ್ಲ, ಈ ಸಲ ಮಾಡುತ್ತೇನೆ ಎಂದು ಮಲಕಪ್ಪ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡ. ಕಾರ್ಯಕ್ರಮ ಫೆಬ್ರುವರಿ ಹತ್ತರ ಸಾಯಂಕಾಲಕ್ಕಿತ್ತು. ಆ ದಿನವನ್ನು ಗೊತ್ತುಮಾಡಿದವರು ಶಾಲಾ ಸಮಿತಿಯ ಅಧ್ಯಕ್ಷರೂ ಅಕ್ಕಿ ಗಿರಣಿಯ ಮಾಲಕರೂ ಆದ ಚನಬಸಪ್ಪನವರು. "ಸೋಮವಾರ ಇಟ್ಟೇವಿ. ಅವತ್ತ ಬಸವಣ್ಣನ ವಾರ, ಎತ್ತು ಹೂಡೂದಿಲ್ಲ. ಮಂದಿ ಖಾಲಿ ಇರ್ತಾರ, ಹಾಲ್ ತುಂಬತೈತಿ," ಎಂದು ಅವರು ಹೇಳಿ ಕಳಿಸಿದ್ದರು. ಮಲಕಪ್ಪನಿಗೆ ಈ ಏರ್ಪಾಡು ಬಹಳ ಯೋಗ್ಯವೆನಿಸಿತು. ಹೆಚ್ಚು ಮಂದಿಯ ಎದುರಿಗೆ ಮೂಕಪ್ಪನ ಹೆಸರು ಕಳೆದುಕೊಳ್ಳಬಹುದು.

ಆಂಪ್ಲಿಫಾಯರಿನ ಹುಡುಕಾಟ ಶುರುವಾಯಿತು. ಕೈಗೆ ಎಟಕುವಂಥವು ಎರಡೇ ಇದ್ದವು. ಒಂದು ಹಳಿಯಾಳದ ಶೇಖಪ್ಪನದು. ಲಗ್ನ, ಮುಂಜಿವೆ, ನಾಟಕಗಳಿಗೆ ಬಾಡಿಗೆಗೆ ಮೈಕು ಕೊಡುವ ಶೇಖಪ್ಪ ಅದನ್ನು ತಾನೇ ಕಟ್ಟಿಕೊಂಡಿದ್ದ. ಸುಟ್ಟ ಬೋಗುಣಿಯ ಬಣ್ಣದ ಕಬ್ಬಿಣದ ಪೆಟ್ಟಿಗೆ. ಒಳಗೆ ನಾಲ್ಕು ವಾಲ್ವು. ಅವುಗಳಲ್ಲೊಂದು ಅಲುಗಾಡುತ್ತದೆಂದು ಅದನ್ನು ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟಲಾಗಿತ್ತು. ಮುಂಭಾಗದಲ್ಲಿ ಬರುವ ಕರೆಂಟನ್ನು ಏರಿಸಿ ಇಳಿಸುವ ಒಂದು ದೊಡ್ಡ ಗುಂಡಿ. ಅದರ ಸುತ್ತ ಅಂಕಿಗಳಿಲ್ಲ, ಸುಣ್ಣದ ಚುಕ್ಕೆಗಳು ಮಾತ್ರ.

ಮಲಕಪ್ಪ ಎಂಟು ಪರೀಕ್ಷೆಗಳ ಪಟ್ಟಿ ಮಾಡಿಕೊಂಡು ಹೋಗಿದ್ದ. ಗುಂಯ್‌ಗುಡುವಿಕೆ, ಮೂರು ತಾಸಿನ ಕಾವು, ಪೆನ್ಸಿಲಿನಿಂದ ವಾಲ್ವನ್ನು ತಟ್ಟಿದಾಗ ಬರುವ ಸದ್ದು, ಇತ್ಯಾದಿ. ಶೇಖಪ್ಪನ ಪೆಟ್ಟಿಗೆ ಎಂಟರಲ್ಲಿಯೂ ನಪಾಸಾಯಿತು.

"ಈ ಗುಂಡಿ ಎಷ್ಟಕ್ಕ ಇಡ್ತೀರಿ?" ಎಂದು ಮಲಕಪ್ಪ ಕೇಳಿದ.

"ಬಲ್ಬ್ ನೋಡಿ ಇಡ್ತೇನ್ರಿ, ಸಾಹೇಬ್ರ. ಬಲ್ಬ್ ಕೆಂಪಗಿದ್ರ ಹಿಂಗ, ಬೆಳ್ಳಗಿದ್ರ ಹಂಗ."

"ಅಳತಿ?"

"ಕಣ್ಣ ಅಳತಿರಿ."

ಮಲಕಪ್ಪ ಸಂಘಕ್ಕೆ ಬರೆದುಕೊಟ್ಟ ವರದಿಯಲ್ಲಿ ಈ ಪೆಟ್ಟಿಗೆಯ ಬಗ್ಗೆ ಒಂದೇ ಸಾಲಿತ್ತು: 'ಇದು ಕೆಲಸ ಮಾಡುತ್ತಿರುವುದಕ್ಕೆ ಯಾವ ಕಾರಣವೂ ಕಂಡುಬರಲಿಲ್ಲ.' ಪರಸಪ್ಪ ಅದನ್ನು ಬೇಕಂತಲೇ ಶೇಖಪ್ಪನೆದುರು ಓದಿ ತೋರಿಸಿದನಂತೆ. ಶೇಖಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ಕಾರಣ ಸಿಕ್ಕ ದಿನ ನನಗೂ ಹೇಳ್ರಿ," ಎಂದಷ್ಟೇ ಅಂದ.

ಎರಡನೆಯದು ಗೋವಾ ದಾರಿಯ ರಾಮನಗರದಲ್ಲಿತ್ತು. ಗೋವಾದ ಬ್ಯಾಂಡೊಂದರ ಮುದುಕ ವಾದಕ ಅದನ್ನು ಪರಿಚಯದ ಕಿರಾಣಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟು ಹೋಗಿದ್ದ. ಕಡಲಾಚೆಯಿಂದ ಬಂದದ್ದು. ಕಂದು ಬಟ್ಟೆಯ ಹೊದಿಕೆ, ಹಿತ್ತಾಳೆಯ ಮೂಲೆಕಟ್ಟು, ಅಕ್ಕಿಯ ಚೀಲಗಳ ನಡುವೆ ಅದು ಮಾವನ ಮನೆಗೆ ಬಂದ ಅಳಿಯನಂತೆ ಕೂತಿತ್ತು. ಮಲಕಪ್ಪ ಅದನ್ನು ಮೂರು ತಾಸು ಕಾಯಿಸಿದ. ಪೆನ್ಸಿಲಿನಿಂದ ತಟ್ಟಿದ. ಬಿದಿರಿನ ಲಾರಿಯೊಂದರಲ್ಲಿ ಕಾಡುದಾರಿಯಲ್ಲಿ ಕುಳಗಿಯವರೆಗೆ ಒಯ್ದು, ವಾಪಸು ತಂದು, ಮತ್ತೆ ತಟ್ಟಿದ. ಎಂಟಕ್ಕೆ ಎಂಟು. ಅವನ ಮನಸ್ಸನ್ನು ಪೂರ್ತಿ ಗೆದ್ದದ್ದು ಮಾತ್ರ ಬೆನ್ನಿನ ಮೇಲಿನ ಒಂದು ಸಣ್ಣ ಬಿರಡೆ. ಊರಿನ ವೋಲ್ಟೇಜು ಎಷ್ಟೋ ಅದಕ್ಕೆ ತಕ್ಕ ಅಂಕಿಯ ಎದುರಿಗೆ ಆ ಬಿರಡೆಯನ್ನು ಕೂಡಿಸಬೇಕು: ನೂರಾ ಹತ್ತು, ನೂರಾ ಇಪ್ಪತ್ತೈದು, ನೂರಾ ನಲವತ್ತೈದು, ನೂರಾ ಅರವತ್ತು, ಇನ್ನೂರಾ ಇಪ್ಪತ್ತು, ಇನ್ನೂರಾ ನಲವತ್ತೈದು. ಇಷ್ಟು ಸ್ಪಷ್ಟವಾಗಿ ಪ್ರಶ್ನೆ ಕೇಳುವ ಯಂತ್ರವನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಅದನ್ನೇ ಕೊಂಡುಬಿಟ್ಟ.

ಪ್ರಶ್ನೆಗೆ ಉತ್ತರ ಹುಡುಕುವುದೊಂದೇ ಉಳಿದಿತ್ತು. ದಾಂಡೇಲಿಯ ಕಾಲನಿಯಲ್ಲಿ ಕರೆಂಟು ಗೋಡೆ ಗಡಿಯಾರದಷ್ಟು ನಿಯತ್ತಿನದು. ಹಳಿಯಾಳದ್ದು ಹಾಗಲ್ಲವೆಂದು ಕೇಳಿದ್ದ. ಕಾರ್ಖಾನೆಯ ವಿದ್ಯುತ್ ವಿಭಾಗದಿಂದ ವೋಲ್ಟ್ ಮೀಟರನ್ನು ಎರವಲು ಕೇಳಿದ. ಕೆಲಸದ ದಿನ ಮೀಟರು ಹೊರಗೆ ಹೋಗುವಂತಿಲ್ಲ, ರವಿವಾರ ಬೇಕಾದರೆ ಒಯ್ಯಿರಿ ಎಂದರು. ರವಿವಾರ ಅವನಿಗೂ ರಜೆಯೇ. ಹೀಗಾಗಿ ಏಳು ರವಿವಾರ ಅವನು ಹಳಿಯಾಳದ ಬಸ್ಸು ಹತ್ತಿದ, ಸಂಜೆ ಆರಕ್ಕೆ ಶಾಲೆಯ ಹಾಲಿನ ಪ್ಲಗ್ಗಿಗೆ ಮೀಟರು ಹಚ್ಚಿದ. ಸುಗ್ಗಿ ಮುಗಿದ ದಿನಗಳು. ಊರಿನ ಮೂರೂ ಅಕ್ಕಿ ಗಿರಣಿಗಳು ಕತ್ತಲಾಗುವವರೆಗೆ ಧಡಧಡ ಓಡುತ್ತಿದ್ದವು. ಬಲ್ಬುಗಳು ಕಾಮಾಲೆ ಹಿಡಿದಂತೆ ಉರಿಯುತ್ತಿದ್ದವು. ನೂರಾ ಅರವತ್ತೆರಡು, ನೂರಾ ಐವತ್ತೊಂಬತ್ತು, ನೂರಾ ಅರವತ್ನಾಲ್ಕು... ಏಳು ಅಳತೆಗಳು ಒಂದೇ ಓಣಿಯ ಮನೆಗಳಂತೆ ಒತ್ತಟ್ಟಿಗಿದ್ದವು.

"ವಾರಕ್ಕೊಮ್ಮಿ ಹೋಗಿ ಅದನ್ನ ನೋಡಿ ಬರ್ತೀರಿ," ಎಂದಳು ಹೆಂಡತಿ ಸುಶೀಲವ್ವ. "ನಮ್ಮವ್ವನ ಮನಿ ಮುಂಡಗೋಡದಾಗ ಐತಿ. ವರ್ಷಕ್ಕೊಮ್ಮಿ ಹೋಗಾಕ ನಿಮಗ ಪುರುಸೊತ್ತಿಲ್ಲ."

"ನಿಮ್ಮವ್ವ ಹೆಚ್ಚು ಕಡಿಮಿ ಆಗೂದಿಲ್ಲ ಬಿಡು. ಅದಕ್ಕ ಅಳೀಬೇಕಾಗಿಲ್ಲ."

"ಹಂಗಂತ ಆಕಿ ಮುಂದ ಹೇಳ್ರಿ ನೋಡೂಣು."

ಫೆಬ್ರುವರಿ ಹತ್ತರಂದು ಅರ್ಧ ದಿನದ ರಜೆ ಹಾಕಿ, ಸುಶೀಲವ್ವನನ್ನೂ ಕರೆದುಕೊಂಡು, ಮಲಕಪ್ಪ ಹಳಿಯಾಳ ಮುಟ್ಟಿದ. ಮೀಟರು ಬರಲಿಲ್ಲ, ಸೋಮವಾರ ಅದಕ್ಕೆ ಡ್ಯೂಟಿ ಇತ್ತು. ಬರದಿದ್ದರೂ ಏನಂತೆ? ಅವನು ಬಿರಡೆಯನ್ನು ನೂರಾ ಅರವತ್ತರಲ್ಲಿ ಕೂಡಿಸಿ, ಅಲುಗಾಡದಂತೆ ಮೇಲೊಂದು ಪಟ್ಟಿ ಬಿಗಿದ.

ಶಾಲೆಯ ಸಭಾಂಗಣ ಹೊರಬಾಗಿಲವರೆಗೂ ತುಂಬಿತ್ತು. ಮೊದಲ ಸಾಲಿನ ನಡುವೆ ಚನಬಸಪ್ಪನವರು ವಿಭೂತಿ ಧರಿಸಿ ಕೂತಿದ್ದರು. ಭಾಷಣಕ್ಕೆಂದು ಶೇಖಪ್ಪನ ಮೈಕೂ ಬಂದಿತ್ತು. ಅವನು ತನ್ನ ಪೆಟ್ಟಿಗೆಯನ್ನು ವೇದಿಕೆಯ ಪಕ್ಕಕ್ಕಿಟ್ಟುಕೊಂಡು, ತಲೆಯೆತ್ತಿ ಬಲ್ಬು ನೋಡಿ, ಗುಂಡಿಯನ್ನು ಎಡಕ್ಕೆ ಪೂರ್ತಿ ಹೊರಳಿಸಿದ.

"ಸಾಹೇಬ್ರ, ಇವತ್ತ ಕರೆಂಟ್..." ಎಂದು ಶುರುಮಾಡಿದ.

"ನಾ ಏಳು ವಾರ ನೋಡೇನಿ ಶೇಖಪ್ಪ."

"ನೋಡೀರಿ ಖರೆ, ಆದ್ರ..."

"ನಿಮ್ಮ ಪೆಟ್ಟಿಗಿ ನೀವು ನೋಡ್ಕೋರಿ."

ಶೇಖಪ್ಪ ತನ್ನ ಪೆಟ್ಟಿಗೆಯತ್ತ ತಿರುಗಿದ. ಸುಶೀಲವ್ವ ಹೆಂಗಸರ ಸಾಲಿಗೆ ಹೋಗುವ ಮೊದಲು ಮೇಲೆ ನೋಡಿ, "ಏನ್ ಬೆಳಕ್ರಿ ಇದು! ಹಗಲ ಆದಂಗಾಗೇತಿ," ಎಂದಳು. ಕಾರ್ಯಕ್ರಮಕ್ಕಾಗಿ ಹೊಸ ಬಲ್ಬು ಹಾಕಿಸಿರಬೇಕು ಎಂದು ಮಲಕಪ್ಪ ಅವಳಿಗೆ ತಿಳಿಸಿ ಹೇಳಿದ.

ಭಾಷಣ, ಹಾರ ಮುಗಿದವು. ಮಲಕಪ್ಪ ಸ್ವಿಚ್ಚು ಒತ್ತಿದ. ಕಂದು ಪೆಟ್ಟಿಗೆಯ ಬೆನ್ನಿನಲ್ಲಿ ವಾಲ್ವುಗಳು ಕೆಂಡದ ಬಣ್ಣ ದಾಟಿ ಹಳದಿಯಾದವು. ಅವನು ಒಂದು ವಚನದ ಧಾಟಿಯನ್ನು ಎತ್ತಿಕೊಂಡ.

ಅಂಥ ನಾದ ಅವನ ಕೈಯಿಂದ ಹಿಂದೆ ಬಂದಿರಲಿಲ್ಲ. ಒಂದೊಂದು ಸ್ವರವೂ ತುಂಬಿಕೊಂಡು ಏರಿತು, ಸಭಾಂಗಣದ ತಗಡಿನ ಮಾಡನ್ನು ಮುಟ್ಟಿ ಜೇನಿನಂತೆ ನಿಧಾನವಾಗಿ ಇಳಿಯಿತು. ಉಕ್ಕಿನ ತುಂಡು ತಾನಾಗಿ ಜಾರುತ್ತಿತ್ತು. ಯಂತ್ರದ ಆಯ್ಕೆ ಸರಿಯಾದರೆ ಮನುಷ್ಯ ಹೀಗೂ ನುಡಿಸಬಲ್ಲನೆಂದು ಅವನಿಗೆ ಅನಿಸಿತು. ಹೆಂಗಸರ ಸಾಲಿನಲ್ಲಿ ಸುಶೀಲವ್ವ ಸೆರಗಿನ ತುದಿ ಹಿಡಿದು ಅಲುಗದೆ ಕೂತಿದ್ದಳು. ಹೀಗೆ ನಾಲ್ಕು ನಿಮಿಷ ನಡೆಯಿತು. ಮಲಕಪ್ಪ ಕಣ್ಣು ಮುಚ್ಚಿದ.

ಫಟ್ ಎಂದಿತು. ಕಂದು ಪೆಟ್ಟಿಗೆಯ ಬೆನ್ನಿನಿಂದ ಸುಟ್ಟ ಮೇಣದ ವಾಸನೆಯ ಬಿಳಿ ಹೊಗೆ ಎದ್ದು ಮೊದಲ ಸಾಲಿನವರೆಗೆ ಹೋಯಿತು. ಗಿಟಾರು ಮತ್ತೆ ಸೊಳ್ಳೆಯಾಯಿತು.

ಶೇಖಪ್ಪ ಎದ್ದು ಬಂದ. ಕಂದು ಪೆಟ್ಟಿಗೆಯ ಪ್ಲಗ್ಗು ಕಿತ್ತು, ಗಿಟಾರಿನ ತಂತಿಯನ್ನು ತನ್ನ ಪೆಟ್ಟಿಗೆಗೆ ಸಿಕ್ಕಿಸುತ್ತ, ಬಗ್ಗಿದ್ದಲ್ಲಿಂದಲೇ ಮೆತ್ತಗೆ ಹೇಳಿದ.

"ಇವತ್ತ ಸೋಮವಾರರಿ, ಸಾಹೇಬ್ರ. ಎತ್ತು ಹೂಡೂದಿಲ್ಲ. ಎತ್ತು ಹೂಡದಿದ್ರ ಚಕ್ಕಡಿ ಬರೂದಿಲ್ಲ. ಚಕ್ಕಡಿ ಬರದಿದ್ರ ಭತ್ತ ಎಲ್ಲಿಂದ ಬರಬೇಕು? ಗಿರಣಿ ಮೂರೂ ಬಂದ್. ಗಿರಣಿ ಬಂದ್ ಆದ್ರ ಊರ ಕರೆಂಟೆಲ್ಲಾ ಪೂರಾ ಬರತೈತಿ. ಇನ್ನೂರಾ ಇಪ್ಪತ್ತಕ್ಕ ಏನೂ ಕಮ್ಮಿ ಇಲ್ಲ ಇವತ್ತ."

ಮಲಕಪ್ಪ ಬೆಳಗಾವಿ ಕಡೆಯ ಒಕ್ಕಲುತನದ ಮನೆಯವನು. ಕಾಲೇಜಿಗೆಂದು ಧಾರವಾಡಕ್ಕೆ ಬರುವವರೆಗೆ ಪ್ರತಿ ಸೋಮವಾರ ಎತ್ತುಗಳ ಮೈ ತೊಳೆದು ಹಣೆಗೆ ವಿಭೂತಿ ಹಚ್ಚಿದ್ದವನೇ ಅವನು. ವೋಲ್ಟೇಜಿನ ನಿಯಮಕ್ಕಿಂತ ಹತ್ತು ವರ್ಷ ಮೊದಲೇ ಈ ನಿಯಮವನ್ನು ಕಲಿತಿದ್ದ. ಚನಬಸಪ್ಪನವರು ಅದನ್ನು ಡಿಸೆಂಬರಿನಲ್ಲಿಯೇ ಹೇಳಿ ಕಳಿಸಿದ್ದರು. ಸಭಾಂಗಣವನ್ನು ತುಂಬಿಸಿದ ಎತ್ತುಗಳೇ ಅವನ ಯಂತ್ರವನ್ನೂ ಸುಟ್ಟಿದ್ದವು. ಅದೂ ತಮ್ಮ ತಮ್ಮ ಕೊಟ್ಟಿಗೆಯಲ್ಲಿ ಮಲಗಿ, ಮೆಲುಕು ಹಾಕುತ್ತ.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ ಪರಸಪ್ಪ ನಾದ ನಿಂತದ್ದನ್ನು ಕೇಳಿ, ಹಾರ್ಮೋನಿಯಂ ಎತ್ತಿಕೊಂಡೇ ವೇದಿಕೆಗೆ ಬಂದ. ಮುಖದಲ್ಲಿ ದುಃಖವಿತ್ತು, ಕಾಲಿನಲ್ಲಿ ಮಾತ್ರ ಉತ್ಸಾಹವಿತ್ತು.

"ನಿಂತಿತೇನ್ರಿ ಮಲಕಪ್ಪನವರ?"

ಮಲಕಪ್ಪ ಬಾಯಿ ತೆರೆಯುವ ಮೊದಲೇ ಶೇಖಪ್ಪ ಮೈಕಿನಲ್ಲಿ, "ಹಲೋ... ಹಲೋ... ಒನ್, ಟೂ, ಥ್ರೀ," ಎಂದ. ಸಭೆ ನಿರಾಳವಾಯಿತು. ಈ ಭಾಗದಲ್ಲಿ ಯಾವ ಕಾರ್ಯಕ್ರಮವೂ ಇದಿಲ್ಲದೆ ಶುರುವಾದದ್ದನ್ನು ಅವರು ಕಂಡಿರಲಿಲ್ಲ. ಹೊಗೆಯೂ ಅದರ ಭಾಗವೇ ಇರಬೇಕೆಂದುಕೊಂಡರು.

"ಪರಸಪ್ಪನವರ, ಸ್ವಲ್ಪ ಅತ್ತಾಗ ಸರೀರಿ," ಎಂದರು ಚನಬಸಪ್ಪನವರು. "ನಿಂತಿತು ಅಂತ ಯಾಕ ಅಪಶಕುನ ಮಾತಾಡ್ತೀರಿ? ಇಷ್ಟೊತ್ತು ಟೆಸ್ಟಿಂಗ್ ನಡದಿತ್ತು. ಈಗ ಸುರು ಆಗತೈತಿ."

ಪರಸಪ್ಪ ಮಲಕಪ್ಪನತ್ತ ತಿರುಗಿದ. "ಟೆಸ್ಟಿಂಗ್ ಏನ್ರಿ ಅದು? ಖರೆ ಹೇಳ್ರಿ. ನಿಮ್ಮ ಮಾತು ನಂಬತೇನಿ."

ಮಲಕಪ್ಪ ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷ ಕಳೆದಿದ್ದ. ಮೇಲಧಿಕಾರಿ ಗದರಿಸಿದಾಗಲೂ ಒಂದು ಅಂಕಿಯನ್ನು ಹಿಂದೆ ಮುಂದೆ ಮಾಡಿದವನಲ್ಲ. ಪರಸಪ್ಪನಿಗೂ ಅದು ಗೊತ್ತು, ಅದಕ್ಕೇ ಕೇಳುತ್ತಿದ್ದ. ನಿಂತಿತು ಎಂದರೆ ಗಿಟಾರು ಅಂದಿಗೆ ಮುಗಿಯಿತು. ನಿಲ್ಲಲಿಲ್ಲ ಎಂದರೆ, ತನ್ನ ಜನ್ಮದಲ್ಲಿ ಒಮ್ಮೆ ಬಂದ ಆ ನಾಲ್ಕು ನಿಮಿಷಗಳು ಸಂಗೀತವೇ ಅಲ್ಲ ಎಂದು ತಾನೇ ಒಪ್ಪಿಕೊಂಡಂತೆ.

"ಹೌದ್ರಿ," ಎಂದ ಮಲಕಪ್ಪ. "ಟೆಸ್ಟಿಂಗ್ ಇತ್ತು."

ಆಮೇಲೆ ಅದೇ ಧಾಟಿಯನ್ನು ಶೇಖಪ್ಪನ ಪೆಟ್ಟಿಗೆಯಲ್ಲಿ ನುಡಿಸಿದ. ಸಭಾಂಗಣದ ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದ ಹಾರ್ನಿನಿಂದ ಅದು ಮೂಗಿನಲ್ಲಿ ಹಾಡುವ ಭಿಕ್ಷುಕನ ದನಿಯಲ್ಲಿ ಬಂತು, ಹಿಂದೆ ಜೇನುಹುಳದ ಗುಂಯ್‌ಗುಡುವಿಕೆ ಬೇರೆ. ಮಂದಿಗೆ ಅದು ತಮ್ಮ ಮನೆಯ ಲಗ್ನಗಳಲ್ಲಿ ಕೇಳಿದ ದನಿ. ತಲೆದೂಗಿದರು, ತಾಳ ಹಾಕಿದರು, ಇನ್ನೊಂದು ಎಂದು ಕೂಗಿದರು. ಪೆಟ್ಟಿಗೆ ಒಂದೂವರೆ ತಾಸು ಒಮ್ಮೆಯೂ ತೊದಲಲಿಲ್ಲ. "ಮದಲ ಸ್ವಲ್ಪ ಹೊತ್ತು ಏನೋ ಭಾಳ ದೊಡ್ಡದಾಗಿ ಬರಾಕತ್ತಿತ್ತು," ಎಂದರು ಚನಬಸಪ್ಪನವರು, ಕೊನೆಗೆ ಶಾಲು ಹೊದಿಸುತ್ತ. "ನೀವು ಕಮ್ಮಿ ಮಾಡಿದ ಮ್ಯಾಲ ಹದಕ್ಕ ಬಂತು ನೋಡ್ರಿ."

ಪರಸಪ್ಪ ಮಾತಿಗೆ ತಪ್ಪುವವನಲ್ಲ. ಗಿಟಾರು ಮೇಳದಲ್ಲಿ ಕಾಯಂ ಆಯಿತು, ಶೇಖಪ್ಪನ ಪೆಟ್ಟಿಗೆಯೊಂದಿಗೆ, ಶೇಖಪ್ಪ ಹೇಳಿದಂತೆ ನಡೆದುಕೊಳ್ಳಬೇಕೆಂಬ ಷರತ್ತಿನ ಮೇಲೆ.

ದಾಂಡೇಲಿಯ ಬಸ್ಸಿನಲ್ಲಿ ಕಂದು ಪೆಟ್ಟಿಗೆ ಮಲಕಪ್ಪನ ಕಾಲ ಬಳಿ ಇತ್ತು. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಬಸ್ಸು ಊರು ದಾಟಿ ಕಾಡಿನ ದಾರಿ ಹಿಡಿಯಿತು. ಆಮೇಲೆ ಸುಶೀಲವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಟೆಸ್ಟಿಂಗ್ ಭಾಳ ಚಲೋ ಆತ್ರಿ."