ಮೊದಲ ಪುಟದ ದೊಡ್ಡಮ್ಮ

ಬೆಳಗಿನಿಂದ ಅವಳ ತಲೆಯಲ್ಲಿ ಒಂದೇ ಒಂದು ಸಾಲು ಗಿರಕಿ ಹೊಡೆಯುತ್ತಿತ್ತು. ‘ಗಾಬರಿ ಬೇಡ; ಮಗು ಹಾಲು ಕುಡಿಯುತ್ತಿದ್ದರೆ ಒಂದು ದಿನ ಕಾದು ನೋಡಬಹುದು.’ ಓದಲಿಕ್ಕೆ ಎಂಥ ಸಮಾಧಾನದ ಸಾಲು! ಎರಡೂವರೆ ತಿಂಗಳ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು, ಅವಳು ಅದನ್ನು ಎಷ್ಟನೆಯ ಸಲವೋ ಓದುತ್ತಿದ್ದಳು; ಓದಿದಷ್ಟೂ ಸಮಾಧಾನ ದೂರವಾಗುತ್ತಿತ್ತು. ಸಾಲು ದೊಡ್ಡಮ್ಮನದು. ತಪ್ಪು ಸಾಲಿನಲ್ಲಿರಲಿಲ್ಲ, ಆ ಸಾಲು ಬಂದು ನಿಂತ ಜಾಗದಲ್ಲಿತ್ತು; ಮತ್ತು ಆ ಜಾಗವನ್ನು ಗಿಟ್ಟಿಸಿಕೊಳ್ಳಲು ದೊಡ್ಡಮ್ಮ ಪಟ್ಟ ಪಾಡೇನೆಂಬುದನ್ನು ಅವಳಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿರಲಿಲ್ಲ.

ದೊಡ್ಡಮ್ಮ, ಅಂದರೆ ಅವಳ ತಾಯಿಯ ಅಕ್ಕ, ಅಡ್ಡಡ್ಡವಾಗಿ ನಡೆಯುತ್ತಾರೆ. ಬೀದಿ ಎಷ್ಟೇ ಅಗಲವಾಗಿರಲಿ, ಒಂದು ಭುಜವನ್ನು ಮುಂದೆ ಮಾಡಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಅಲ್ಲಿಲ್ಲದ ಯಾವುದೋ ಕಪಾಟಿಗೆ ಮೈ ತಾಗದಂತೆ ಸರಿದುಹೋಗುವ ಆ ನಡಿಗೆಯನ್ನು ಕಂಡು ಪರಿಚಯವಿಲ್ಲದವರು ಸೊಂಟನೋವೆಂದು ಮರುಗುವುದುಂಟು. ಸೊಂಟ ಗಟ್ಟಿಯಾಗಿಯೇ ಇದೆ. ಔಷಧಿ ಅಂಗಡಿಯ ಕೌಂಟರಿಗೂ ಗಾಜಿನ ಕಪಾಟಿಗೂ ನಡುವಿನ ಕಿಷ್ಕಿಂಧೆಯಲ್ಲಿ ಅರ್ಧ ಆಯುಸ್ಸನ್ನು ಕಳೆದ ದೇಹ ಅದು. ಅಂಗಡಿ ಮುಚ್ಚಿ ವರ್ಷಗಳಾದರೂ ಲೋಕವೆಲ್ಲ ಇನ್ನೂ ಅಷ್ಟೇ ಅಗಲ ಎಂದು ನಂಬಿಕೊಂಡಿದೆ. ಆ ಅಂಗಡಿಯ ಬಿಳಿ ಕೋಟು ಕೂಡ ಹಾಗೆಯೇ ಉಳಿದಿದೆ: ಕಾಲರು ಸವೆದದ್ದು, ಎಡ ಜೇಬಿನ ಬುಡದಲ್ಲಿ ನೀಲಿ ಶಾಯಿಯ ದ್ವೀಪವೊಂದಿರುವುದು, ಗುಂಡಿಗಳೆಲ್ಲ ಒಂದೊಂದು ಬಣ್ಣದ್ದು. ಆ ಕೋಟು ತೊಡದೆ ಕಂಪ್ಯೂಟರಿನ ಮುಂದೆ ಕೂತರೆ ಅವರಿಗೆ ಅಕ್ಷರ ಹೊರಡುವುದಿಲ್ಲ.

ಅವರ ಇನ್ನೊಂದು ಚಾಳಿ, ‘ಯಾರಿಗೆ?’ ಎಂಬ ಪ್ರಶ್ನೆ. ಕೌಂಟರಿನ ಮುಂದೆ ಬಂದು ಯಾರೇ ಏನೇ ಕೇಳಲಿ, ತಲೆಯೆತ್ತುವ ಮೊದಲೇ ಬಾಯಿಂದ ಬರುತ್ತಿದ್ದ ಮಾತು ಅದು. ಜ್ವರದ ಔಷಧಿ ಕೇಳಿಕೊಂಡು ಬಂದ ಅವಸರದ ಮನುಷ್ಯನೊಬ್ಬ ಒಮ್ಮೆ ರೇಗಿಹೋಗಿದ್ದನಂತೆ.

“ಜ್ವರಕ್ಕೆ ಅಂದ್ನಲ್ಲಮ್ಮ! ಕೊಡೋದು ಬಿಟ್ಟು ಜಾತಕ ಯಾಕೆ ಕೇಳ್ತೀರ?”

“ಜ್ವರ ಬಂದಿರೋದು ನಿಂಗಾ, ನಿಮ್ಮಜ್ಜಂಗಾ, ಕೂಸಿಗಾ ಅಂತ ಗೊತ್ತಾಗ್ಬೇಡ್ವೇನಪ್ಪ?”

ಕೂಸಿಗೆ, ಅದೂ ಹುಟ್ಟಿ ಎರಡು ತಿಂಗಳಾಗಿಲ್ಲ ಎಂದು ತಿಳಿದದ್ದೇ ದೊಡ್ಡಮ್ಮ ಬಾಟಲಿ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡು, “ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಅಗೋ ಅಲ್ಲಿ ಆಟೋ ನಿಂತಿದೆ, ನೇರ ಆಸ್ಪತ್ರೆಗೆ ಹತ್ತು” ಎಂದು ಬಾಗಿಲು ತೋರಿಸಿದ್ದರು. ಮೂರು ತಿಂಗಳೊಳಗಿನ ಮಗುವಿಗೆ ಜ್ವರವೆಂದರೆ ಕಾಯುವ ಮಾತೇ ಇಲ್ಲ. ಅಂಥವರನ್ನು ಹೀಗೆ ಹೊರಗಟ್ಟಿಯೇ ಅವರು ವ್ಯಾಪಾರ ಕಳೆದುಕೊಂಡರೆಂದು ಮನೆಯವರು ಈಗಲೂ ನಗೆಯಾಡುತ್ತಾರೆ.

ಎದುರಿಗೆ ದೊಡ್ಡ ಕಂಪನಿಯ ಹವಾನಿಯಂತ್ರಿತ ಔಷಧಿ ಮಳಿಗೆ ಬಂದು ಅಂಗಡಿ ಮುಚ್ಚಿದಾಗ, ಜನ ಕೌಂಟರಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಒಂದೊಂದು ಪುಟವಾಗಿಸಿ ದೊಡ್ಡಮ್ಮ ಒಂದು ವೆಬ್‌ಸೈಟ್ ತೆರೆದರು. ಹಾಲು ಕಕ್ಕಿದರೆ ಏನು, ಕೆಮ್ಮು ಗೊರಗೊರ ಅಂದರೆ ಏನು, ಹಲ್ಲು ಬರುವಾಗ ಏನು. ನಿವೃತ್ತರಾದ ಮಕ್ಕಳ ಡಾಕ್ಟರೊಬ್ಬರು, ಅಂಗಡಿಯ ಹಳೆಯ ಗಿರಾಕಿ, ಪ್ರತಿ ಪುಟವನ್ನೂ ಓದಿ ತಿದ್ದಿಕೊಡುತ್ತಿದ್ದರು. ತಂಗಿಯ ಮಗಳಾದ ಇವಳು ಕಂಪ್ಯೂಟರು ಓದಿದವಳೆಂದು ತಾಂತ್ರಿಕ ಕೆಲಸವೆಲ್ಲ ಇವಳ ಪಾಲಿಗೆ ಬಂತು. ಜಾಹೀರಾತಿನ ಆದಾಯದಲ್ಲಿ ದೊಡ್ಡಮ್ಮನ ಎರಡು ಕೋಣೆಯ ಮನೆಯೂ, ಅವರ ಗತ್ತೂ, ಚೆನ್ನಾಗಿಯೇ ನಡೆದವು.

ಆದರೆ ಈ ಅಂಗಡಿಯ ಬಾಗಿಲ ಕೀಲಿ ಅವರ ಸೆರಗಿನಲ್ಲಿರಲಿಲ್ಲ. ಯಾವ ಪುಟ ಮೇಲೆ, ಯಾವುದು ಪಾತಾಳದಲ್ಲಿ ಎಂದು ತೀರ್ಮಾನಿಸುವ ಸರ್ಚ್ ಎಂಜಿನ್ನಿಗೆ ದೊಡ್ಡಮ್ಮ ‘ಮಹಾರಾಯ’ ಎಂದು ಹೆಸರಿಟ್ಟಿದ್ದರು. ಮಹಾರಾಯ ಕೆಲವು ತಿಂಗಳಿಗೊಮ್ಮೆ ಮನಸ್ಸು ಬದಲಾಯಿಸುತ್ತಿದ್ದ. ಮೊದಮೊದಲು, ಹುಡುಕುವ ಪದ ಪುಟದಲ್ಲಿ ಮತ್ತೆಮತ್ತೆ ಬರಬೇಕೆಂದ. ದೊಡ್ಡಮ್ಮ ‘ಮಗುವಿನ ಕೆಮ್ಮು’ ಎಂಬುದನ್ನು ಸಾಲುಸಾಲಿಗೂ ಜಪದಂತೆ ಬರೆದರು. ಆಮೇಲೆ ಹಾಗೆ ಬರೆದವರನ್ನೇ ಹಿಡಿದು ಕೆಳಕ್ಕೆ ತಳ್ಳಿದ; ದೊಡ್ಡಮ್ಮ ಕೂತು ಒಂದೊಂದೇ ಕೆಮ್ಮನ್ನು ಆರಿಸಿ ತೆಗೆದರು. ಉದ್ದ ಬರೆಯಿರಿ ಎಂದ, ಬರೆದರು. ಫೋನಿನಲ್ಲಿ ಬೇಗ ತೆರೆಯಬೇಕೆಂದ, ಚಿತ್ರಗಳನ್ನೆಲ್ಲ ಕಿತ್ತುಹಾಕಿದರು. ಬರೆದವರ ಮುಖ ಕಾಣಬೇಕೆಂದ, ಬಿಳಿ ಕೋಟು ತೊಟ್ಟು ಸ್ಟುಡಿಯೋಕ್ಕೆ ಹೋಗಿ, ಛಾಯಾಚಿತ್ರಗಾರ ನಗಿ ನಗಿ ಎಂದು ಗೋಗರೆದರೂ ನಗದೆ, “ಔಷಧಿ ಕೊಡೋರು ಹಲ್ಲು ಕಿರೀಬಾರ್ದು” ಎಂದು ಫೋಟೋ ತೆಗೆಸಿಕೊಂಡು ಬಂದರು. ಗೊಣಗುತ್ತಿದ್ದರು, ಆದರೆ ಸೋತು ಕೂರುತ್ತಿರಲಿಲ್ಲ. “ರಸ್ತೆ ತಿರುಗಿಸಿದ್ರು ಅಂದ್ರೆ ಬೋರ್ಡೂ ತಿರುಗಿಸ್ಬೇಕಮ್ಮ. ರಸ್ತೆ ಮಧ್ಯೆ ನಿಂತು ಅತ್ತರೆ ಗಿರಾಕಿ ಬರ್ತಾನಾ?” ಎನ್ನುತ್ತಿದ್ದರು.

ಈ ವರ್ಷದ ತಿರುವು ಮಾತ್ರ ಬೋರ್ಡಿನ ಜೊತೆ ಗೋಡೆಯನ್ನೂ ಕೆಡವಿತು. ಒಂದು ಸೋಮವಾರ ಎದ್ದು ನೋಡಿದರೆ ಬರುವ ಜನ ಮುಕ್ಕಾಲು ಪಾಲು ಮಾಯ. ದೊಡ್ಡ ಆಸ್ಪತ್ರೆಗಳು, ಪತ್ರಿಕೆಗಳು ಮೇಲೆ. ದೊಡ್ಡಮ್ಮನ ಪುಟಗಳು ಯಾರೂ ಇಳಿಯದ ನೆಲಮಾಳಿಗೆಯಲ್ಲಿ. ಆಗ ಬಂದವನೇ ಸಲಹೆಗಾರ. ಮಹಾರಾಯನ ಗ್ರಹಗತಿ ಹೇಳುವವನೆಂದು ದೊಡ್ಡಮ್ಮ ಅವನನ್ನು ‘ಜೋಯಿಸರು’ ಎಂದೇ ಕರೆದರು. ಜೋಯಿಸರು ಎಲ್ಲವನ್ನೂ ತಿರುವಿಹಾಕಿ ಕಂಡುಹಿಡಿದದ್ದು ಇದು: ಜ್ವರದ ಬಗ್ಗೆ ಎರಡು ಪುಟಗಳಿವೆ. ಒಂದು, ಮೂರು ತಿಂಗಳೊಳಗಿನ ಕೂಸಿನದು. ನಾಲ್ಕೇ ಸಾಲು, ಕಾಯಬೇಡಿ, ಆಸ್ಪತ್ರೆಗೆ ಹೋಗಿ ಎಂಬುದು. ಇನ್ನೊಂದು, ದೊಡ್ಡ ಮಕ್ಕಳದು. ಉದ್ದವಾದದ್ದು, ಕಾದು ನೋಡುವ ಕ್ರಮವನ್ನೆಲ್ಲ ವಿವರಿಸಿದ್ದು. “ಒಂದೇ ಮನೆಯ ಇಬ್ಬರು ಒಂದೇ ಕುರ್ಚಿಗೆ ಓಡ್ತಿದ್ದಾರೆ ಮೇಡಂ. ಇಬ್ಬರಿಗೂ ಸಿಗಲ್ಲ. ಎರಡನ್ನೂ ಸೇರಿಸಿ ಒಂದು ಮಾಡಿ. ಉತ್ತರ ಮೊದಲ ಸಾಲಲ್ಲೇ ಇರ್ಲಿ, ಹುಡುಕಿದೋರು ಪುಟ ತೆರೆಯೋ ಮೊದಲೇ ಯಂತ್ರ ಅದೊಂದನ್ನೇ ಎತ್ತಿ ಎಲ್ಲದಕ್ಕಿಂತ ಮೇಲೆ ಪೆಟ್ಟಿಗೇಲಿ ಕೂರಿಸಿ ತೋರಿಸುತ್ತೆ.”

ಇವಳು ಆಗ ಬಾಣಂತಿ. ದೊಡ್ಡಮ್ಮ ಯಾರನ್ನೂ ಕಾಯದೆ, ಜೋಯಿಸರನ್ನು ಫೋನಿನಲ್ಲಿ ಹಿಡಿದುಕೊಂಡು, ಒಂದೊಂದೇ ಬೆರಳಿನಲ್ಲಿ ಕುಟ್ಟಿ ಎರಡನ್ನೂ ಸೇರಿಸಿದರು. ಉದ್ದದ್ದು ಮೇಲೆ ಬಂತು, ನಾಲ್ಕು ಸಾಲಿನದು ಬಾಲಂಗೋಚಿಯಂತೆ ಕೊನೆಗೆ ಹೋಯಿತು, ನೆತ್ತಿಯ ಮೇಲೆ ‘ಎಳೆಗೂಸಿನಿಂದ ಐದು ವರ್ಷದವರೆಗೆ’ ಎಂಬ ಶೀರ್ಷಿಕೆ ಏರಿತು. ಮೂರು ವಾರಕ್ಕೆ ಮಹಾರಾಯ ಒಲಿದ. ಪುಟ ಎಲ್ಲರನ್ನೂ ದಾಟಿ ಮೊದಲ ಜಾಗಕ್ಕೆ ಬಂದಾಗ ದೊಡ್ಡಮ್ಮ ನೆಂಟರಿಷ್ಟರಿಗೆಲ್ಲ ಫೋನು ಮಾಡಿ, ಮೊಮ್ಮಗು ಹುಟ್ಟಿದಷ್ಟು ಸಡಗರದಲ್ಲಿ ಸುದ್ದಿ ಹೇಳಿದ್ದರು. ಅದರ ಬೆನ್ನಿಗೇ ಉಳಿದ ಪುಟಗಳೂ ಒಂದೊಂದಾಗಿ ಉಸಿರಾಡತೊಡಗಿದ್ದವು.

ಈ ದಿನ ಬೆಳಿಗ್ಗೆ ಮಗಳ ಹಣೆ ಬೆಚ್ಚಗಿದ್ದಂತೆ ತೋರಿತು. ಥರ್ಮಾಮೀಟರು ಯಾವ ಡಬ್ಬಿಯಲ್ಲೋ ಅಡಗಿತ್ತು. ಅವಳು ಫೋನಿನಲ್ಲಿ ‘ಎರಡು ತಿಂಗಳ ಮಗುವಿಗೆ ಜ್ವರ’ ಎಂದು ಹುಡುಕಿದಳು. ಮೇಲೆ ಪೆಟ್ಟಿಗೆಯಲ್ಲಿ ಆ ಸಾಲು ಬಂತು. ಒಂದು ದಿನ ಕಾದು ನೋಡಬಹುದು. ಅಬ್ಬ ಎಂದು ಎದೆ ಹಗುರಾಯಿತು. ನಾಳೆಯವರೆಗೆ ನೋಡೋಣವೆಂದುಕೊಂಡು ಫೋನು ಕೆಳಗಿಟ್ಟಳು ಕೂಡ. ಆಮೇಲೆ ಥರ್ಮಾಮೀಟರು ಸಿಕ್ಕಿತು, ಜ್ವರವಿರಲಿಲ್ಲ, ಹೊದಿಕೆ ದಪ್ಪವಾಗಿತ್ತು ಅಷ್ಟೇ. ಮಗುವಿನ ಬಟ್ಟೆ ಸಡಿಲಿಸುತ್ತಿರುವಾಗ, ತಾನು ಓದಿದ್ದು ಯಾರ ಪುಟ, ಎಂಬುದು ಥಟ್ಟನೆ ಹೊಳೆದು ಅವಳು ಮತ್ತೆ ಫೋನು ಎತ್ತಿಕೊಂಡಳು. ಎರಡು ತಿಂಗಳ ಕೂಸು ಎಂದು ಕೇಳಿದವಳಿಗೆ ಎರಡು ವರ್ಷದ ಮಗುವಿನ ಉತ್ತರ. ಆ ಪೆಟ್ಟಿಗೆ ಯಾರಿಗೆ ಎಂದು ಕೇಳುವುದಿಲ್ಲ.

ಕಾಫಿ ಕುಡಿಯುತ್ತಿದ್ದ ಗಂಡನಿಗೆ ತೋರಿಸಿದಳು.

“ಕೆಳಗಡೆ ಇದ್ಯಲ್ಲ, ಮೂರು ತಿಂಗಳೊಳಗೆ ಅಂತ. ಜನ ಪೂರ್ತಿ ಓದ್ತಾರೆ ಬಿಡು.”

“ನೀನು ಯಾವತ್ತಾದ್ರೂ, ಏನನ್ನಾದ್ರೂ, ಪೂರ್ತಿ ಓದಿದ್ದೀಯಾ?”

ಅವನು ಲೋಟ ಕೆಳಗಿಟ್ಟು ಆಫೀಸಿಗೆ ಹೊರಟ. ಅವಳು ದೊಡ್ಡಮ್ಮನ ಹೆಸರನ್ನು ಪರದೆಯ ಮೇಲೆ ತಂದಳು, ಅಳಿಸಿದಳು, ಮಗುವಿಗೆ ಹಾಲೂಡಿಸಿದಳು, ಮತ್ತೆ ತಂದಳು. ಅವಳ ಭಯಕ್ಕೆ ದೊಡ್ಡಮ್ಮನ ಮನೆಯಲ್ಲಿ ಬೆಲೆ ಇರಲಿಲ್ಲ. ಬಿಕ್ಕಳಿಕೆಗೊಂದು ಫೋನು, ಸೀನಿಗೊಂದು ಫೋನು ಮಾಡಿ ಮಾಡಿ ಅವಳು ‘ಗಾಬರಿ ರಾಣಿ’ ಎಂಬ ಬಿರುದು ಪಡೆದವಳು. ಮೊನ್ನೆಯಷ್ಟೇ, “ದೊಡ್ಡಮ್ಮ, ಮಗು ತುಂಬಾ ಹೊತ್ತಿಂದ ಮಲಗೇ ಇದೆ” ಎಂದರೆ, “ಪುಣ್ಯ ಮಾಡಿದ್ದೀಯ, ನೀನೂ ಮಲಕ್ಕೋ” ಎಂದು ಇಟ್ಟುಬಿಟ್ಟಿದ್ದರು. ಇದೂ ಅಂಥದ್ದೇ ಆಗಿದ್ದರೆ? ಡಾಕ್ಟರೇ ಓದಿದ ಸಾಲುಗಳಲ್ಲಿ ಇವಳೇನು ತಪ್ಪು ಹುಡುಕುವುದು? ನಿದ್ದೆಗೆಟ್ಟ ಕಣ್ಣಿಗೆ ಕಂಡದ್ದೆಲ್ಲ ನಿಜವೇ? ತಿಂಗಳುಗಟ್ಟಲೆ ಹೆಣಗಿ ಈಗಷ್ಟೇ ನೆಟ್ಟಗೆ ನಿಂತ ಮುದುಕಿಯ ಕಾಲ ಕೆಳಗಿನ ಮಣೆಯನ್ನು ಎಳೆಯುವುದೇ? ಆದರೆ ಬೇರೊಂದು ಮನೆಯಲ್ಲಿ, ಬೇರೊಂದು ತೊಡೆಯ ಮೇಲೆ, ನಿಜವಾಗಿಯೂ ಸುಡುತ್ತಿರುವ ಹಣೆಯೊಂದು ಇದ್ದರೆ? ಆ ತಾಯಿಯೂ ಅಬ್ಬ ಎಂದು ಫೋನು ಕೆಳಗಿಟ್ಟಿದ್ದರೆ?

ಅವಳು ಫೋನು ಮಾಡಿದಳು.

“ಏನೇ ಗಾಬರಿ ರಾಣಿ! ಇವತ್ತೇನು, ಬಿಕ್ಕಳಿಕೆನಾ, ಆಕಳಿಕೆನಾ?”

“ಮಗು ಚೆನ್ನಾಗಿದೆ ದೊಡ್ಡಮ್ಮ. ನಮ್ಮ ಜ್ವರದ ಪುಟ...”

“ನೋಡಿದ್ಯಾ? ಇವತ್ತೂ ಮೊದಲನೇ ಜಾಗ! ಆ ದೊಡ್ಡಾಸ್ಪತ್ರೆಯೋರು ನಮ್ಮ ಕಾಲ್ಕೆಳಗೆ ಕೂತಿದ್ದಾರೆ ಕಣೇ.”

“ಬೆಳಿಗ್ಗೆ ಇವಳ ಹಣೆ ಬಿಸಿ ಅನ್ನಿಸ್ತು. ಹುಡುಕಿದೆ. ನಿಮ್ಮ ಸಾಲು ಬಂತು. ಓದಿ, ಸರಿ, ನಾಳೆವರೆಗೆ ನೋಡೋಣ ಅಂದ್ಕೊಂಡೆ.”

ಆ ಕಡೆ ಕುರ್ಚಿ ಕಿರುಗುಟ್ಟಿತು. “ಎರಡೂವರೆ ತಿಂಗಳ ಕೂಸನ್ನಿಟ್ಕೊಂಡಾ?”

“ಹೂಂ. ಪುಟದೊಳಗೆ ಏನಿದೆ ಅಂತ ಗೊತ್ತಿರೋ ನಾನೇ.”

ಕೀಲಿಮಣೆಯ ಮೇಲೆ ಒಂಟಿ ಬೆರಳಿನ ಟಕ್ ಟಕ್ ಕೇಳಿಸಿತು. ದೊಡ್ಡಮ್ಮ ತಾವೇ ಹುಡುಕುತ್ತಿದ್ದರು. ಗಾಬರಿ ಬೇಡ, ಎಂದು ಗಟ್ಟಿಯಾಗಿ ಓದತೊಡಗಿದ ಧ್ವನಿ ಅರ್ಧಕ್ಕೇ ಉಡುಗಿತು.

“ಡಾಕ್ಟರು ನೋಡಿದ್ರಲ್ಲೇ...”

“ಅವರು ನೋಡಿದ್ದು ಎರಡು ಪುಟ ದೊಡ್ಡಮ್ಮ. ಜೋಡಿಸಿದ್ಮೇಲೆ ಯಾರೂ ನೋಡ್ಲಿಲ್ಲ.”

“ಸರಿ, ಸಾಲು ತಿದ್ದು.”

“ತಿದ್ದಿದ್ರೂ ಪೆಟ್ಟಿಗೇಲಿ ಹಳೇದೇ ಇರುತ್ತೆ, ಅದು ಮತ್ತೆ ಬಂದು ನಮ್ಮ ಪುಟ ನೋಡೋವರೆಗೆ. ನಾಳೆಯೋ, ವಾರಾನೋ. ಬೇಗ ಆಗ್ಬೇಕು ಅಂದ್ರೆ, ಈ ಪುಟಾನೇ ತೋರಿಸ್ಬೇಡಿ ಅಂತ ನಾವೇ ಕೇಳ್ಕೋಬೇಕು. ಆದ್ರೆ ಆಮೇಲೆ ಈ ಜಾಗ ಮತ್ತೆ ಸಿಗುತ್ತೆ ಅಂತ ನಾನು ಹೇಳಲ್ಲ. ಉಳಿದ ಪುಟಗಳೂ ಇದರ ಹೆಗಲ ಮೇಲೇ ನಿಂತಿವೆ.”

ಜೋಯಿಸರನ್ನು ಒಂದು ಮಾತು ಕೇಳೋಣ ಎನ್ನುತ್ತಾರೆಂದು ಅವಳು ಕಾದಳು.

“ಈಗ ಆ ಪುಟದ ಮೇಲೆ ಎಷ್ಟು ಜನ ಇದ್ದಾರೆ?”

ಅವಳು ಸೈಟಿನ ಲೆಕ್ಕ ತೆರೆದು ನೋಡಿದಳು. “ಅರವತ್ಮೂರು. ಅವರು ಒಳಗೆ ಬಂದೋರು. ಹೊರಗೇ ಆ ಸಾಲು ಓದ್ಕೊಂಡು ಹೋದೋರ ಲೆಕ್ಕ ನಮಗೆ ಬರಲ್ಲ.”

“ಮತ್ತೆ ನನ್ನ ಹತ್ರ ಮಾತಾಡ್ತಾ ಯಾಕೆ ಕೂತಿದ್ದೀಯೇ? ತೆಗಿ! ತೆಗೆದು ಆಮೇಲೆ ಫೋನ್ ಮಾಡು.”

ಕಾಣದ ಒಡೆಯನೊಬ್ಬನ ಚಿತ್ತವನ್ನು ಹಿಡಿದು ವರ್ಷಕ್ಕೊಂದು ವೇಷ ಕಟ್ಟುವ ಈ ಬಗೆಯ ಜನರನ್ನು, ಪದ ಹೆಚ್ಚಿಸು ಎಂದರೆ ಹೆಚ್ಚಿಸಿ ಕತ್ತರಿಸು ಎಂದರೆ ಕತ್ತರಿಸುವವರನ್ನು, ಹೊರಗಿನವರು ಬೆನ್ನೆಲುಬಿಲ್ಲದವರೆಂದು ಸುಲಭವಾಗಿ ತಳ್ಳಿಹಾಕುತ್ತಾರೆ. ಬಗ್ಗಿ ಬಗ್ಗಿ ಬದುಕಿದವರು ಎಲ್ಲಿ ಬಗ್ಗುವುದಿಲ್ಲ ಎಂಬುದು ಅನೇಕ ವೇಳೆ ಅವರಿಗೇ ಗೊತ್ತಿರುವುದಿಲ್ಲ. ಯಾರಾದರೂ ಹೆದರುತ್ತ ಹೆದರುತ್ತಲೇ ಫೋನು ಮಾಡಿ ಕೇಳಬೇಕಾಗುತ್ತದೆ.